ಡೆಮೊ ಫೈಲ್ ಬೇಡ, ನಮ್ಮ ಹಾಳಾದ ಫೈಲ್ ಓಡಿಸಿ

ಬಳ್ಳಾರಿಯ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ಪ್ಲೇಟ್ (ಅಚ್ಚು ಮೂಡಿಸುವ ಲೋಹದ ಹಾಳೆ) ವಿಭಾಗ ನೋಡಿಕೊಳ್ಳುತ್ತಾ ನನಗೆ 14 ವರ್ಷ ಆಯ್ತು. ಹಾಳಾದ ಪ್ಲೇಟ್ ರದ್ದಿಗೆ ಹೋಗುವ ಮುಂಚೆ ಅದರ ಫೈಲನ್ನು ಒಂದು ಫೋಲ್ಡರಿಗೆ ಹಾಕಿಡುತ್ತೇನೆ. ಫೋಲ್ಡರಿನ ಹೆಸರು ‘ಹಾಳಾದ್ದು’. ಫೈಲನ್ನು ಪರೀಕ್ಷಿಸಿ ಪ್ಲೇಟಿಗೆ ಸಿದ್ಧ ಮಾಡುವ ಹೊಸ ವರ್ಕ್‌ಫ್ಲೋ ಸಾಫ್ಟ್‌ವೇರ್ ತಗೊಳ್ಳೋಣ ಅಂತ ಯಜಮಾನರು ಹೇಳಿದಾಗ ಕೆಲಸಕ್ಕೆ ಬಂದದ್ದು ಅದೇ.

ಮೂರು ಕಂಪನಿಯವರು ಡೆಮೊ ತೋರಿಸೋಕೆ ಬಂದರು. ಮೊದಲು ಬಂದವರು ಅವರದೇ ಫೈಲ್ ತಂದಿದ್ದರು. ಕಾರಿನ ಬ್ರೋಷರ್, ಪೂರ್ತಿ ಇಂಗ್ಲಿಷ್. ಚಕಚಕ ಅಂತ ರಿಪ್ ಆಯ್ತು (ಫೈಲು ಪ್ಲೇಟಿಗೆ ಬೇಕಾದ ಚುಕ್ಕೆಗಳಾಗೋದು), ಪುಟಗಳು ತಾವೇ ಜೋಡಿಸಿಕೊಂಡವು. ಯಜಮಾನರು ಖುಷಿಯಾದರು. ಆದರೆ ನಮ್ಮಲ್ಲಿ ಕಾರಿನ ಬ್ರೋಷರ್ ಯಾರು ಮಾಡಿಸ್ತಾರೆ? ಸಿರುಗುಪ್ಪದ ರೈಸ್ ಮಿಲ್ ಕ್ಯಾಲೆಂಡರ್, ಜೀನ್ಸ್ ಟ್ಯಾಗ್, ಜಾತ್ರೆ ಪೋಸ್ಟರ್, ಲಗ್ನಪತ್ರಿಕೆ. ಕೋರೆಲ್‌ಡ್ರಾದಲ್ಲಿ ಮಾಡಿ ವಾಟ್ಸಾಪಿನಲ್ಲಿ ಕಳಿಸುವ ಫೈಲುಗಳು.

ರೈಸ್ ಮಿಲ್ ಕ್ಯಾಲೆಂಡರಿನ ಕಥೆ ಹೇಳಲೇಬೇಕು. ಹಸಿರು ಪಟ್ಟಿಯ ಮೇಲೆ ಬಿಳಿ ಅಕ್ಷರದಲ್ಲಿ ಫೋನ್ ನಂಬರ್. ಸ್ಕ್ರೀನಿನಲ್ಲಿ ಇತ್ತು, ಅಚ್ಚಾದ ಹಾಳೆಯಲ್ಲಿ ಇಲ್ಲ! ಡಿಸೈನರ್ ಮೊದಲು ನಂಬರನ್ನು ಕಪ್ಪಿನಲ್ಲಿ ಇಟ್ಟು ಓವರ್‌ಪ್ರಿಂಟ್ ಹಾಕಿದ್ದ, ಅಂದ್ರೆ ಕೆಳಗಿನ ಬಣ್ಣ ಕತ್ತರಿಸದೆ ಅದರ ಮೇಲೇ ಅಚ್ಚಾಗಲಿ ಅಂತ. ಆಮೇಲೆ ಬಿಳಿ ಮಾಡಿದ, ಓವರ್‌ಪ್ರಿಂಟ್ ತೆಗೆಯಲಿಲ್ಲ. ಬಿಳಿ ಅಂದ್ರೆ ಅಚ್ಚಿನ ನಾಲ್ಕೂ ಬಣ್ಣ (ನೀಲಿ, ಕೆಂಪು, ಹಳದಿ, ಕಪ್ಪು) ಸೊನ್ನೆ. ಸೊನ್ನೆ ಬಣ್ಣ ಓವರ್‌ಪ್ರಿಂಟ್ ಆದರೆ ಕೆಳಗಿನ ಹಸಿರು ಹಾಗೇ ಉಳಿಯುತ್ತೆ. ಪ್ರೂಫಿಗೆ ಸಹಿ ಹಾಕಿದ್ದವರೇ ಬಂದು ಕೂಗಾಡಿದರು. ಆ ಪ್ರೂಫ್ ಸಾದಾ ಪ್ರಿಂಟರಿನಿಂದ ತೆಗೆದದ್ದು. ಆ ಪ್ರಿಂಟರ್ ಓವರ್‌ಪ್ರಿಂಟ್ ಗಮನಿಸಲ್ಲ, ಅದಕ್ಕೇ ಪ್ರೂಫಿನಲ್ಲಿ ನಂಬರ್ ಇತ್ತು.

ಹಾಗಾಗಿ ಮೂರೂ ಕಂಪನಿಯವರಿಗೆ ಆ ಫೈಲನ್ನೇ ಕೊಟ್ಟೆ. ಒಂದು ತುಟಿಪಿಟಿಕ್ ಅನ್ನದೆ ನಂಬರ್ ನುಂಗಿತು. ಇನ್ನೊಂದು 212 ಎಚ್ಚರಿಕೆ ಕೊಟ್ಟಿತು, ಈ ಮಾತು 180ನೆಯದೋ ಏನೋ. ಅಷ್ಟು ಎಚ್ಚರಿಕೆ ಓದುತ್ತಾ ಕೂತರೆ ಪ್ಲೇಟ್ ಯಾರು ಹಾಕಬೇಕು? ಮೂರನೆಯದು ಆ ಜಾಗಕ್ಕೆ ಗುರುತು ಹಾಕಿ ನಿಂತುಬಿಟ್ಟಿತು. ನನಗೆ ಬೇಕಾದದ್ದು ಅದು.

ಎರಡನೇ ಪರೀಕ್ಷೆ ಟ್ರ್ಯಾಪಿಂಗ್, ಅಂದ್ರೆ ಪಕ್ಕಪಕ್ಕದ ಬಣ್ಣಗಳನ್ನು ಅಂಚಿನಲ್ಲಿ ಕೂದಲೆಳೆಯಷ್ಟು ಒಂದರ ಮೇಲೊಂದು ಚಾಚೋದು. ನಮ್ಮದು ಎರಡು ಬಣ್ಣದ ಮಷಿನ್, ಮಲ್ಟಿಕಲರ್ ಕೆಲಸಕ್ಕೆ ಹಾಳೆ ಎರಡು ಸಲ ಹೋಗಬೇಕು. ಬಳ್ಳಾರಿ ಬಿಸಿಲು ಗೊತ್ತಲ್ಲ, ಮೇ ತಿಂಗಳಲ್ಲಿ ಮೊದಲ ಸಲಕ್ಕೂ ಎರಡನೇ ಸಲಕ್ಕೂ ನಡುವೆ ಹಾಳೆ ಒಣಗಿ ಕುಗ್ಗುತ್ತೆ. ರಿಜಿಸ್ಟರ್ (ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರೋದು) ತಪ್ಪುತ್ತೆ, ಬಣ್ಣಗಳ ಮಧ್ಯೆ ಬಿಳಿ ಗೆರೆ ಕಾಣುತ್ತೆ. ಅದನ್ನು ಮುಚ್ಚೋಕೆ ಟ್ರ್ಯಾಪ್ ಬೇಕೇ ಬೇಕು. ಆದರೆ ಜಾಸ್ತಿ ಕೊಟ್ಟರೆ ಕನ್ನಡದ ಒತ್ತಕ್ಷರ ಕೆಡುತ್ತೆ. ನೀಲಿ ಮೇಲೆ ಹಳದಿಯಲ್ಲಿ ಸಣ್ಣದಾಗಿ ‘ರಾಷ್ಟ್ರ’ ಅಂತ ಹಾಕಿದ್ದೆ. ಕಾಲು ಪಾಯಿಂಟ್ ಟ್ರ್ಯಾಪಿನಲ್ಲಿ ಹಳದಿ ಹೊರಗೆ ಚಾಚಿಕೊಂಡು, ಒತ್ತಿನ ಸಂದಿಯಲ್ಲಿದ್ದ ಚೂರು ನೀಲಿಯೂ ಹಸಿರಾಯ್ತು. ಸಣ್ಣ ಅಕ್ಷರಕ್ಕೆ ಬೇರೆ ಅಳತೆ ಕೊಡಬಹುದಾ ಅಂತ ಕೇಳಿದೆ. ಒಬ್ಬರಿಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ.

ಇಂಕ್ ಕೀ ಡೇಟಾ (ಎಲ್ಲಿ ಎಷ್ಟು ಇಂಕು ಬಿಡಬೇಕು ಅಂತ ಮಷಿನ್ನಿಗೆ ಹೇಳೋದು), ವೆಬ್ ಅಪ್ರೂವಲ್ (ಗಿರಾಕಿ ಆನ್‌ಲೈನಿನಲ್ಲೇ ಒಪ್ಪಿಗೆ ಕೊಡೋದು) ಎಲ್ಲಾ ತೋರಿಸಿದರು. ನಮ್ಮ ಹಳೇ ಮಷಿನ್ನಿಗೆ ಇಂಕ್ ಕೀ ಡೇಟಾ ಓದೋಕೇ ಬರಲ್ಲ. ಸುಮ್ನೆ ದುಡ್ಡು.

ಕೊನೆಗೆ ಮೂರರ ಪ್ಲೇಟನ್ನೂ ಹೆಸರು ಹೇಳದೆ ಮಷಿನ್‌ಮ್ಯಾನ್ ಚಾಚಾನ ಮುಂದಿಟ್ಟೆ. ಲೆನ್ಸ್ ಇಟ್ಟು ನೋಡಿದ, ಹಾಳೆ ಓಡಿಸಿದ, ಮಾತಾಡದೆ ಒಂದನ್ನು ಎತ್ತಿ ನನ್ನ ಕಡೆ ತಳ್ಳಿದ. ಅದನ್ನೇ ತಗೊಂಡೆವು.

ಈಗಲೂ ಅಪ್‌ಡೇಟ್ ಬಂದರೆ ಮೊದಲು ‘ಹಾಳಾದ್ದು’ ಫೋಲ್ಡರ್ ಓಡಿಸುತ್ತೇನೆ. ಹೋದ ತಿಂಗಳು ಅದಕ್ಕೆ ಒಂದು ಲಗ್ನಪತ್ರಿಕೆ ಸೇರಿತು. ತಪ್ಪು ನನ್ನದೇ, ಮದುವೆ ನನ್ನ ತಂಗಿ ಮಗಳದ್ದು.