ಎದುರಿಗೇ ಬಿಚ್ಚಿ ನೋಡಿದರು

ಪಕ್ಕದ ಮನೆಯ ಹಿರಿಯರಿಂದ ಕ್ಯಾನ್ವಾಸ್ ಟೆಂಟ್ ಎರವಲು ತಂದಿದ್ದೆವು. ಪ್ರವಾಸದ ಕೊನೆಯ ರಾತ್ರಿ ಮಳೆ ಸುರಿಯಿತು. ಮನೆಗೆ ಬಂದ ಮೇಲೆ ಹಿತ್ತಲಲ್ಲಿ ಹರವಿ, ತಿರುವಿ ಹಾಕಿ, ಚೆನ್ನಾಗಿ ಒಣಗಿಸಿ ಕೊಂಡೊಯ್ದು ಕೊಟ್ಟೆ. ಅವರು ಥ್ಯಾಂಕ್ಸ್ ಹೇಳಿದರು. ಮರುಕ್ಷಣ ನನ್ನೆದುರೇ ಚೀಲದಿಂದ ಹೊರಗೆಳೆದು ಪೂರ್ತಿ ಬಿಚ್ಚತೊಡಗಿದರು.

ಮನಸ್ಸಿಗೆ ಚುರುಕ್ ಎಂದಿತು. ಇಷ್ಟೂ ನಂಬಿಕೆ ಇಲ್ವಾ? ಮುಖ ನೋಡಿಯೇ ಅವರಿಗೆ ತಿಳಿದಿರಬೇಕು. "ಅನುಮಾನ ನಿಮ್ಮ ಮೇಲಲ್ಲ, ಹೊಲಿಗೆ ಮೇಲೆ" ಎಂದರು. ಹಗ್ಗ ಕಟ್ಟುವ ಮೂಲೆಯಲ್ಲಿ ಬಟ್ಟೆ ಮೂರು ನಾಲ್ಕು ಪದರ ಇರುತ್ತದೆ. ಉಳಿದದ್ದೆಲ್ಲ ಗರಿಗರಿಯಾಗಿದ್ದರೂ ಅಲ್ಲಿ ಪಸೆ ಕೂತಿರುತ್ತದೆ. ಅಂಗೈಗೆ ಅದು ತಿಳಿಯುವುದಿಲ್ಲವಂತೆ. ಬೆರಳ ಹಿಂಭಾಗದಿಂದ ಒಂದೊಂದೇ ಮೂಲೆ ಒತ್ತಿ ನೋಡಿದರು. ತಣ್ಣಗಿದ್ದರೆ ಇನ್ನೂ ಒಣಗಿಲ್ಲ ಅಂತ ಅರ್ಥ. ಎಲ್ಲೂ ತಣ್ಣಗಿರಲಿಲ್ಲ. "ಸರಿಯಾಗಿ ಮಾಡಿದ್ದೀರಿ" ಎಂದು ತಲೆಯಾಡಿಸಿ ಮತ್ತೆ ಮಡಚಿದರು. ನನಗೆ ತುಂಬಾ ಖುಷಿಯಾಯಿತು.

ಹತ್ತಿ ಬಟ್ಟೆ ಅಲ್ವಾ, ಒದ್ದೆಯಾಗಿ ಸುತ್ತಿಟ್ಟರೆ ಒಂದೆರಡು ದಿನದಲ್ಲೇ ಬೂಷ್ಟು ಶುರು. ಕಪ್ಪು ಚುಕ್ಕೆ ಒಮ್ಮೆ ಬಿದ್ದರೆ ಹೋಗುವುದು ಕಷ್ಟ. ಬ್ಲೀಚ್ ಹಾಕಿದರೆ ನೂಲೇ ಸೋಲುತ್ತದೆ. ಡಿಟರ್ಜೆಂಟ್ ಹಾಕಿದರೆ ನೀರು ತಡೆಯುವ ಲೇಪ ಹೊರಟುಹೋಗುತ್ತದೆ. ಮಣ್ಣು ಒಣಗಲು ಬಿಟ್ಟು ಮೆತ್ತನೆಯ ಬ್ರಷ್‌ನಲ್ಲಿ ಉಜ್ಜಬೇಕು. ಹೋಗದಿದ್ದರೆ ಬರೀ ನೀರು, ಅಷ್ಟೇ. ನೈಲಾನ್ ಟೆಂಟ್‌ಗಿಂತ ತೂಕ ಜಾಸ್ತಿ, ಕೆಲಸವೂ ಜಾಸ್ತಿ. ಆದರೆ ಒಳಗೆ ಮಲಗಿದವರಿಗೆ ಗೊತ್ತು ಅದರ ಸುಖ. ಬಟ್ಟೆ ಉಸಿರಾಡುತ್ತದೆ, ಬೆಳಗ್ಗೆ ಎದ್ದಾಗ ಮೈಮೇಲೆ ಹನಿ ತೊಟ್ಟಿಕ್ಕುವುದು ಅಪರೂಪ.

ಆ ಮಳೆಯ ರಾತ್ರಿ ಮಗಳು ಒಳಗಿನಿಂದ ಗೋಡೆ ಮುಟ್ಟಲು ಕೈ ಚಾಚಿದಳು. ತಡೆದೆ. ನೆನೆದ ಕ್ಯಾನ್ವಾಸ್‌ಗೆ ಏನಾದರೂ ಒತ್ತಿಕೊಂಡರೆ ಅಲ್ಲಿಂದಲೇ ನೀರು ಒಳಗೆ ಜಿನುಗಬಹುದು. ನಾನು ಹೊರಗೆ ಹೋಗಿ ಹಗ್ಗಗಳನ್ನು ಸ್ವಲ್ಪ ಸಡಿಲ ಮಾಡಿ ಬಂದೆ. ನೆನೆದಾಗ ಹತ್ತಿ ಬಿಗಿಯುತ್ತದೆ, ಬಿಟ್ಟರೆ ಗೂಟವನ್ನೇ ಕಿತ್ತೀತು. ಇದನ್ನೆಲ್ಲ ಕೊಡುವಾಗಲೇ ಹಿರಿಯರು ಬಿಡಿಸಿ ಹೇಳಿದ್ದರು.

ಹೇಳಿ ಕೊಡುವುದು, ಬಂದ ಮೇಲೆ ಎದುರಿಗೇ ನೋಡುವುದು. ನಮ್ಮವರಿಗೆ ಇದು ಸುಲಭವಲ್ಲ. ದಾಕ್ಷಿಣ್ಯ ಅಡ್ಡ ಬರುತ್ತದೆ. ಅಪ್ಪ ಯಾರು ಕೇಳಿದರೂ ಛತ್ರಿ ಕೊಡುತ್ತಿದ್ದರು. ಅದು ಒದ್ದೆಯಾಗಿಯೇ ಮಡಚಿ ವಾಪಸ್ ಬರುತ್ತಿತ್ತು. "ಪರವಾಗಿಲ್ಲ, ಅಲ್ಲಿಡಿ" ಎನ್ನುತ್ತಿದ್ದರು. ಅವರು ಹೋದ ಮೇಲೆ ಬಿಚ್ಚಿ, ತುಕ್ಕು ಹಿಡಿದ ಕಡ್ಡಿಗಳನ್ನು ಬಟ್ಟೆಯಿಂದ ಒರೆಸುತ್ತಾ ಸುಮ್ನೆ ಕೂರುತ್ತಿದ್ದರು. ಕೊನೆಗೆ ಒಂದು ದಿನ, ಮನೆಯಲ್ಲಿ ಛತ್ರಿ ಇಲ್ಲ ಎಂದು ಹೇಳಿ ಕಳಿಸು ಅಂದರು. ಸುಳ್ಳು ಹೇಳಿದ್ದು ನಾನು. ಬಾಗಿಲಲ್ಲಿ ನಿಂತವರಿಗೆ ಗೂಟಕ್ಕೆ ನೇತುಹಾಕಿದ್ದ ಛತ್ರಿ ಕಾಣುತ್ತಿತ್ತು. ಆಮೇಲೆ ಆ ಮನೆಯವರ ಜೊತೆ ಮಾತೇ ಕಡಿಮೆಯಾಯಿತು. ಒಣಗಿಸಿ ಕೊಡಿ ಅಂತ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆ ಮನೆಯವರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ ಎಂದೇ ಈಗ ನನಗನಿಸುತ್ತದೆ.

ಹಿರಿಯರ ಟೆಂಟ್ ಈ ವಾರ ನಮ್ಮ ಬೀದಿಯ ಇನ್ನೊಂದು ಮನೆಯವರ ಜೊತೆ ಹೋಗಿದೆ. ಮುಂದಿನ ತಿಂಗಳು ಮತ್ತೆ ನಮಗೆ ಬೇಕು ಅಂತ ಆಗಲೇ ಕೇಳಿಟ್ಟಿದ್ದೇನೆ.