ಮಡಚಿದ ತೋಳು

ಸಂಜೆ ಕೌಲ್ ಬಜಾರಿನ ಟೈಲರ್ ಹತ್ರ ಅಕ್ಕನ ಮಗನ ಯೂನಿಫಾರ್ಮ್ ತರಲು ಹೋಗಿದ್ದೆ. ಹನ್ನೊಂದು ವರ್ಷದ ಹುಡುಗ. ಹಾಕಿ ನೋಡಿದರೆ ತೋಳು ಬೆರಳನ್ನೂ ಮುಚ್ಚುವಷ್ಟು ಉದ್ದ.

"ಬೆಳೆಯೋ ಹುಡುಗ ಅಕ್ಕಾ, ಬರೋ ವರ್ಷಕ್ಕೂ ಆಗ್ತೈತೆ" ಅಂದರು. ಎರಡು ಸುತ್ತು ಮಡಚಿ ಕೊಟ್ಟರು.

ಮಧ್ಯಾಹ್ನ ಮೊಬೈಲಿನಲ್ಲಿ ನೋಡಿದ ಫೋಟೊ ನೆನಪಾಯಿತು. ಕಾಂಗೊದ ಹುಡುಗ, ಕೈಯಲ್ಲಿ ಬಂದೂಕು. ಮೈಮೇಲೆ ದೊಡ್ಡವರ ಮಿಲಿಟರಿ ಅಂಗಿ. ತೋಳು ಹೀಗೇ ಮಡಚಿತ್ತು. ಅವನ ಅಳತೆ ಯಾರೂ ತೆಗೆದುಕೊಂಡಿರಲಿಲ್ಲ.

15 ತುಂಬದ ಮಕ್ಕಳನ್ನು ಯುದ್ಧಕ್ಕೆ ಇಳಿಸಿದ್ದಕ್ಕೆ ಅಲ್ಲಿನ ಬಂಡುಕೋರ ನಾಯಕ ಥಾಮಸ್ ಲುಬಾಂಗನಿಗೆ ಹೇಗ್‌ನ ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟು 2012ರಲ್ಲಿ ಶಿಕ್ಷೆ ಕೊಟ್ಟಿತು. ಎಷ್ಟು? 14 ವರ್ಷ. ಆ ಮಕ್ಕಳಿಗೂ ಹೆಚ್ಚೆಂದರೆ ಅಷ್ಟೇ ವಯಸ್ಸು, ಅಲ್ವಾ?

ನಮ್ಮವನು ಸ್ಕೂಟಿ ಹಿಂದೆ ಕೂತವನೇ ಮಡಿಕೆ ಬಿಚ್ಚಿದ. ಮನೆ ಬರೋವರೆಗೂ ಸುಮ್ನೆ ತೋಳನ್ನು ಗಾಳಿಗೆ ಪಟಪಟ ಅನ್ನಿಸುತ್ತಿದ್ದ.