ಬಸ್ಸಿನಲ್ಲಿ ನಾನಾಡಿದ ಮಾತು

2016ರ ಫೆಬ್ರವರಿ ಮೊದಲ ವಾರ. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಊರಿಂದ ಆಯಿಯ ಫೋನ್ ಬಂತು. "ತಲೆಗೆ ದುಪಟ್ಟಾ ಸುತ್ಕೊಂಡು ಹೋಗು ಮಗಾ. ಕೂದಲು ಕಾಣೋದು ಬೇಡ."

ಆಯಿ ಟಿವಿ ನೋಡಿದ್ದಳು. ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟ ರಸ್ತೆಯ ಕಡೆ ಸುಡಾನಿನವನೊಬ್ಬನ ಕಾರು ಹರಿದು ಹೆಂಗಸೊಬ್ಬರು ಸತ್ತಿದ್ದರು. ಸ್ವಲ್ಪ ಹೊತ್ತಿಗೆ ಅದೇ ದಾರಿಯಲ್ಲಿ ಇನ್ನೊಂದು ಕಾರು ಬಂತು. ಅದರಲ್ಲಿದ್ದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಜನ ಹಿಡಿದು ಹೊಡೆದರು. ಕಾರಿಗೆ ಬೆಂಕಿ ಹಚ್ಚಿದರು. ಆ ಅಪಘಾತಕ್ಕೂ ಅವಳಿಗೂ ಏನೇನೂ ಸಂಬಂಧ ಇರಲಿಲ್ಲ. ಅವಳೂ ಕಪ್ಪಗಿದ್ದಳು, ಅಷ್ಟೆ.

ನಾನು ಸಿದ್ದಿ. ಯಲ್ಲಾಪುರದ ಹತ್ತಿರ ಕಾಡಂಚಿನ ಊರು ನಮ್ಮದು. ನಮ್ಮ ಹಿರಿಯರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರನ್ನಾಗಿ ತಂದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಬಂದೆವು. ಆ ಸರ್ಟಿಫಿಕೇಟ್ ನನ್ನ ಹತ್ತಿರವೂ ಇದೆ. ಆದರೆ ರಸ್ತೆಯಲ್ಲಿ ಸುತ್ತುಗಟ್ಟಿದವರು ಅದನ್ನು ಕೇಳಿ ನೋಡ್ತಾರಾ?

ಸಿಟಿ ಬಸ್ ತುಂಬಿತ್ತು. ನನ್ನ ಪಕ್ಕದ ಸೀಟು ಮಾತ್ರ ಖಾಲಿ. ನಿಂತಿದ್ದ ಹೆಂಗಸರು ಸೀಟು ನೋಡಿದರು, ನನ್ನ ಮುಖ ನೋಡಿದರು, ಕಂಬಿ ಹಿಡಿದು ನಿಂತೇ ಇದ್ದರು. ದುಪಟ್ಟಾದೊಳಗೆ ಬೆವರಿಳಿದು ಕಿವಿಯ ಹಿಂದೆಲ್ಲ ಕಡಿತ. ಕೈ ಎತ್ತಿ ಕೆರೆದುಕೊಳ್ಳೋಕೂ ಹೆದರಿಕೆ. ಹಿಂದೆ ಇಬ್ಬರು ಮಾತಾಡುತ್ತಿದ್ದರು. ನನಗೆ ಅರ್ಥವಾಗಲ್ಲ ಅಂದ್ಕೊಂಡು ಜೋರಾಗಿಯೇ.

"ಇವರನ್ನೆಲ್ಲ ಅವರ ದೇಶಕ್ಕೆ ಓಡಿಸ್ಬೇಕು ಕಣೋ."

ತಿರುಗಿದೆ. "ಅಣ್ಣಾ, ನಾನು ಆಫ್ರಿಕಾದವಳಲ್ಲ. ಉತ್ತರ ಕನ್ನಡ ನಮ್ಮದು, ಯಲ್ಲಾಪುರ."

ಇಬ್ಬರ ಮುಖವೂ ಬದಲಾಯಿತು. "ಅಯ್ಯೋ, ನಮ್ಮವರೇನಮ್ಮಾ! ತಪ್ಪು ತಿಳ್ಕೋಬೇಡಿ." ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಿ ಅಂತಲೂ ಹೇಳಿದರು. ನಿಂತಿದ್ದ ಒಬ್ಬರು ಬಂದು ಪಕ್ಕದಲ್ಲಿ ಕೂತರು. ನಾನೂ ನಕ್ಕೆ. ಎದೆ ಹಗುರಾಗಿದ್ದು ನಿಜ.

ಇಳಿದು ನಡೆಯುವಾಗ ನನ್ನ ಮಾತೇ ನನ್ನನ್ನು ಚುಚ್ಚತೊಡಗಿತು. ಆಫ್ರಿಕಾದವಳಲ್ಲ ಅಂದೆನಲ್ಲ, ಆಗಿದ್ದರೆ ಓಡಿಸಬಹುದಿತ್ತಾ? ಹೊಡೆಯಬಹುದಿತ್ತಾ? ಶಾಲೆಯಲ್ಲಿ ಮಕ್ಕಳು ನನ್ನ ಗುಂಗುರು ಕೂದಲು ಎಳೆದು ನಗುತ್ತಿದ್ದರು. ಆಗ ಆಯಿ, "ಇದು ನಮ್ಮ ಹಿರಿಯರು ಕೊಟ್ಟಿದ್ದು, ನಾಚಿಕೆ ಯಾಕೆ?" ಅನ್ನುತ್ತಿದ್ದಳು. ಆ ಹಿರಿಯರ ನೆಲವನ್ನೇ ಬಸ್ಸಿನ ಸೀಟಿಗೋಸ್ಕರ ಬೇಡ ಅಂದುಬಿಟ್ಟಿದ್ದೆ. ಆ ಹುಡುಗಿಗೆ ಕನ್ನಡ ಬಂದಿದ್ದರೆ ಬಿಟ್ಟುಬಿಡುತ್ತಿದ್ದರೇನೋ. ನನ್ನನ್ನು ಕಾಪಾಡಿದ್ದು ಭಾಷೆ. ಅವಳ ಹತ್ತಿರ ಅದಿರಲಿಲ್ಲ.

ರಾತ್ರಿ ರೂಮಿಗೆ ಬಂದು ದುಪಟ್ಟಾ ಬಿಚ್ಚಿದೆ. ಆಯಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ತುಂಬಾ ಹೊತ್ತು ಸುಮ್ಮನಿದ್ದಳು.

"ಆ ಹುಡುಗಿಯ ತಾಯಿಗೆ ಯಾರು ಹೇಳಿದರೋ ಏನೋ" ಅಂದಳು. "ಅವಳೂ ಕೂದಲು ಮುಚ್ಕೋ ಅಂತ ಫೋನ್ ಮಾಡಿರ್ತಾಳಾ?"